ಒಂದೇ ಮನೆ, ಒಂದೇ ಜೀನ್, ಮೂರು ಥರದ ತೊಂದರೆ

ಹದಿಮೂರು ದಿನದ ಗಂಡುಮಗು. ಹುಟ್ಟಿದಾಗ ತೂಕ 3.1 ಕೆಜಿ, ತುರ್ತು ವಿಭಾಗಕ್ಕೆ ತಂದಾಗ 2.6. ನಾಲ್ಕು ದಿನದಿಂದ ವಾಂತಿ. ಹಾಲು ಚೀಪುವುದು ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಾ ಬಂದು, ಆ ಬೆಳಿಗ್ಗೆ ಮಗು ಎದೆಗೆ ಬಾಯಿಯೇ ಹಾಕಿರಲಿಲ್ಲ. ಕೈಕಾಲು ತಣ್ಣಗಿತ್ತು, ನೆತ್ತಿ ಒಳಗೆ ಇಳಿದಿತ್ತು, ಅಳುವ ದನಿಯಲ್ಲೂ ಜೀವ ಇರಲಿಲ್ಲ.

ಮೊದಲೇ ಒಂದು ಮಾತು. ಈ ಕುಟುಂಬ ಯಾವುದೋ ಒಂದು ನಿಜವಾದ ಕುಟುಂಬ ಅಲ್ಲ. ಜೀನ್ ಕೆಟ್ಟು ಬರುವ ಒಂದು ಕಾಯಿಲೆ ಇರುವ ಮನೆಗಳಲ್ಲಿ ಆಗುವುದನ್ನು ಒಂದೇ ಮನೆಯಲ್ಲಿ ಇಟ್ಟು, ಕಲಿಯುವವರಿಗೆ ಅನುಕೂಲ ಆಗಲಿ ಅಂತ ಕಟ್ಟಿದ ಪ್ರಕರಣ ಇದು. ಆದರೆ ಇಲ್ಲಿರುವ ಜೀನ್, ಕಿಣ್ವ, ಮ್ಯುಟೇಶನ್ ಎಲ್ಲವೂ ನಿಜವಾದವೇ, ಒಂದೊಂದು ಹೆಜ್ಜೆಯೂ ನಿಜವಾಗಿ ಹೀಗೇ ಆಗುವಂಥದ್ದು.

ಮಗುವನ್ನು ಅದಕ್ಕೆ ಮುಂಚೆ ಇಬ್ಬರು ವೈದ್ಯರು ನೋಡಿದ್ದರು. ಒಬ್ಬರು ಹಾಲು ಕಕ್ಕುವುದು ಮಾಮೂಲಿ ಅಂದರು. ಇನ್ನೊಬ್ಬರಿಗೆ ಜಠರದ ಬಾಯಿ ಬಿಗಿಯಾಗುವ ತೊಂದರೆ, ಅಂದರೆ ಪೈಲೋರಿಕ್ ಸ್ಟೆನೋಸಿಸ್, ಇರಬಹುದು ಅನ್ನಿಸಿತು. ಸ್ಕ್ಯಾನಿಂಗ್ ಮಾಡಿಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಇಬ್ಬರನ್ನೂ ದೂರಬೇಕಾಗಿಲ್ಲ. ವಾಂತಿ ಮಾಡುತ್ತಾ ತೂಕ ಇಳಿಯುವ ಎಳೆಮಗುವನ್ನು ನೋಡಿದರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಒಂದು ರಕ್ತಪರೀಕ್ಷೆ ಆಗಬೇಕಿತ್ತು, ಆಗಿರಲಿಲ್ಲ. ತುರ್ತು ವಿಭಾಗದಲ್ಲಿ ಅದನ್ನು ಮಾಡಿದಾಗ ಕಂಡದ್ದು ಇದು: ಸೋಡಿಯಂ 114, ಪೊಟ್ಯಾಸಿಯಂ 8.1, ಸಕ್ಕರೆ 42. ಮೊದಲೆರಡು ಲೀಟರಿಗೆ ಮಿಲಿಮೋಲ್ ಲೆಕ್ಕ, ಸಕ್ಕರೆ ಡೆಸಿಲೀಟರಿಗೆ ಮಿಲಿಗ್ರಾಂ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇಡೀ ಪ್ರಕರಣ ತಿರುಗುವುದು ಆ ಪೊಟ್ಯಾಸಿಯಂ ಮೇಲೆ. ಜಠರದ ಬಾಯಿ ಬಿಗಿದ ಮಗು ವಾಂತಿಯಲ್ಲಿ ಆಮ್ಲ ಕಳೆದುಕೊಳ್ಳುತ್ತದೆ, ಅದರ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಈ ಮಗುವಿನಲ್ಲಿ ಪೊಟ್ಯಾಸಿಯಂ ಏರಿತ್ತು, ರಕ್ತ ಆಮ್ಲದ ಕಡೆಗೆ ವಾಲಿತ್ತು. ವಾಂತಿ ಒಂದೇ ಥರ ಕಂಡರೂ ಒಳಗಿನ ಲೆಕ್ಕ ಪೂರ್ತಿ ಉಲ್ಟಾ. ಸೋಡಿಯಂ ಇಳಿದು, ಪೊಟ್ಯಾಸಿಯಂ ಏರಿ, ಜೊತೆಗೆ ಸಕ್ಕರೆಯೂ ಬಿದ್ದಿರುವ ಎರಡು ವಾರದ ಮಗು ಅಂದರೆ ಅಡ್ರಿನಲ್ ಗ್ರಂಥಿ ಕೆಲಸ ಮಾಡುತ್ತಿಲ್ಲ ಅಂತಲೇ ಮೊದಲು ಯೋಚಿಸಬೇಕು, ಬೇರೆ ಏನೋ ಅಂತ ಸಾಬೀತಾಗುವ ತನಕ.

ಮಗುವನ್ನು ಮತ್ತೆ ಬಟ್ಟೆ ಬಿಚ್ಚಿ ನೋಡಿದರು. ಜನನಾಂಗ ಸಹಜವಾಗಿತ್ತು, ಎರಡೂ ವೃಷಣ ಕೈಗೆ ಸಿಗುತ್ತಿದ್ದವು. ವೃಷಣದ ಚೀಲದ ಚರ್ಮ ಮಾತ್ರ ಮೈಬಣ್ಣಕ್ಕಿಂತ ಜಾಸ್ತಿ ಕಪ್ಪಾಗಿತ್ತು. "ಹುಟ್ಟಿದಾಗಿನಿಂದ ಹಾಗೇ ಇದೆ" ಅಂದರು ತಾಯಿ. ಯಾರಿಗೂ ಅದು ಗಮನಿಸಬೇಕಾದ ವಿಷಯ ಅನ್ನಿಸಿರಲಿಲ್ಲ.

ಮುಂದಿನ ಒಂದು ಗಂಟೆಯಲ್ಲಿ ಮಾಡಿದ ಕೆಲಸ ಹೀಗಿತ್ತು. ಮೊದಲು ಹಾರ್ಮೋನ್ ಪರೀಕ್ಷೆಗೆ ಬೇಕಾದಷ್ಟು ರಕ್ತ ತೆಗೆದಿಟ್ಟರು, ಯಾಕೆಂದರೆ ಸ್ಟೀರಾಯ್ಡ್ ಕೊಟ್ಟ ಮೇಲೆ ಆ ಅಂಕಿಗಳು ಬದಲಾಗಿಬಿಡುತ್ತವೆ. ಆಮೇಲೆ ಕೆಜಿಗೆ 20 ಮಿಲಿ ಲೆಕ್ಕದಲ್ಲಿ ಸಲೈನ್, ಜೊತೆಗೆ ಗ್ಲೂಕೋಸ್, ಹೃದಯ ಕಾಪಾಡಲು ಕ್ಯಾಲ್ಸಿಯಂ, ಮತ್ತು 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಅಡ್ರಿನಲ್ ಮಾಡಬೇಕಿದ್ದ ಹಾರ್ಮೋನಿನ ಬದಲು ಕೊಡುವ ಸ್ಟೀರಾಯ್ಡ್ ಅದು. ರಿಪೋರ್ಟ್ ಬರಲಿ ಅಂತ ಯಾರೂ ಕಾಯಲಿಲ್ಲ. ಕಾಯಲೂ ಬಾರದು. ಒಂದು ಡೋಸ್ ಹೈಡ್ರೋಕಾರ್ಟಿಸೋನ್ ಅನುಮಾನದ ಮೇಲೆ ಕೊಟ್ಟರೆ ಮಗುವಿಗೆ ಹಾನಿ ಇಲ್ಲ, ಕೊಡದೇ ಹೋದರೆ ಮಗು ಉಳಿಯದೇ ಹೋಗಬಹುದು. ಹೆಚ್ಚಿನ ಡೋಸ್‌ನಲ್ಲಿ ಹೈಡ್ರೋಕಾರ್ಟಿಸೋನ್ ಉಪ್ಪು ಹಿಡಿದಿಡುವ ಕೆಲಸವನ್ನೂ ಸ್ವಲ್ಪ ಮಾಡುತ್ತದೆ, ಹಾಗಾಗಿ ಆ ಗಳಿಗೆಗೆ ಅದೊಂದೇ ಸಾಕಾಯಿತು. ಮಾರನೇ ದಿನ ಮಗು ಕಣ್ಣು ಬಿಟ್ಟು ನೋಡಿತು, ಸಂಜೆ ಹೊತ್ತಿಗೆ ಹಾಲು ಕೇಳಿತು.

ಕೆಲವು ದಿನದಲ್ಲಿ ರಿಪೋರ್ಟ್ ಬಂತು. 17-ಹೈಡ್ರಾಕ್ಸಿಪ್ರೊಜೆಸ್ಟರಾನ್, ಎಲ್ಲರೂ 17-ಓಎಚ್‌ಪಿ ಅನ್ನುವುದು, ಡೆಸಿಲೀಟರಿಗೆ 24,000 ನ್ಯಾನೋಗ್ರಾಂ ಇತ್ತು. 10,000 ದಾಟಿದರೇ ಸಾಕು, ಕ್ಲಾಸಿಕ್ ಕಾಯಿಲೆ, ಅಂದರೆ ಈ ಕಾಯಿಲೆಯ ಜೋರಾದ ರೂಪ, ಅಂತ ಹೆಚ್ಚುಕಡಿಮೆ ಖಚಿತ. ಮೈಯಲ್ಲಿ ಉಪ್ಪು ಕಮ್ಮಿಯಾದಾಗ ಮೂತ್ರಪಿಂಡ ಬಿಡುವ ರೆನಿನ್ ತುಂಬಾ ಏರಿತ್ತು, ಕಾರ್ಟಿಸಾಲ್ ಅಷ್ಟೊಂದು ಸಂಕಟದಲ್ಲೂ ಏರಬೇಕಾದಷ್ಟು ಏರಿರಲಿಲ್ಲ. ಕಾಯಿಲೆಯ ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲಾಸಿಯಾ, ಅಂದರೆ ಹುಟ್ಟಿನಿಂದಲೇ ಅಡ್ರಿನಲ್ ದಪ್ಪಗಾಗುವುದು, ಚಿಕ್ಕದಾಗಿ ಸಿಎಎಚ್. ಅದರಲ್ಲೂ 21-ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವದ ಕೊರತೆ. ಸಿಎಎಚ್ ಇರುವ ನೂರು ಜನರಲ್ಲಿ ಸುಮಾರು 95 ಜನರಿಗೆ ಕೆಟ್ಟಿರುವುದು ಇದೇ ಕಿಣ್ವ.

ಕಿಣ್ವ ನಿಂತರೆ ಏನಾಗುತ್ತದೆ

ಅಡ್ರಿನಲ್ ಗ್ರಂಥಿಗಳು ಎರಡು, ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಥರ ಕೂತಿರುತ್ತವೆ. ಅವು ಕೊಲೆಸ್ಟರಾಲ್‌ನಿಂದ ಶುರು ಮಾಡಿ ಮೂರು ಬಗೆಯ ಹಾರ್ಮೋನ್ ತಯಾರಿಸುತ್ತವೆ: ಉಪ್ಪು ಹಿಡಿದಿಡುವ ಆಲ್ಡೋಸ್ಟಿರಾನ್, ಮೈಗೆ ಸಂಕಟ ಬಂದಾಗ ಕಾಯುವ ಕಾರ್ಟಿಸಾಲ್, ಮತ್ತು ಗಂಡು ಹಾರ್ಮೋನ್‌ಗಳು. ಮೂರಕ್ಕೂ ಆರಂಭದ ಮೆಟ್ಟಿಲುಗಳು ಒಂದೇ. ಕೊಲೆಸ್ಟರಾಲ್ ಮೊದಲು ಮೈಟೋಕಾಂಡ್ರಿಯಾ ಒಳಗೆ ಹೋಗಬೇಕು, ಅಲ್ಲಿ ಅದರ ಬಾಲ ಕತ್ತರಿಸಿ ಪ್ರೆಗ್ನೆನೊಲೋನ್ ಆಗಬೇಕು, ಅಲ್ಲಿಂದ ಪ್ರೊಜೆಸ್ಟರಾನ್ ಮತ್ತು 17-ಓಎಚ್‌ಪಿ. ಇಲ್ಲಿ ದಾರಿ ಕವಲೊಡೆಯುತ್ತದೆ. 21-ಹೈಡ್ರಾಕ್ಸಿಲೇಸ್ ಮಾಡುವುದು ಒಂದೇ ಒಂದು ಸಣ್ಣ ಕೆಲಸ, ಅಣುವಿನ 21ನೇ ಕಾರ್ಬನ್ ಮೇಲೆ ಆಕ್ಸಿಜನ್ ಮತ್ತು ಹೈಡ್ರೋಜನ್‌ನ ಒಂದು ಜೋಡಿ ಕೂರಿಸುವುದು. ಪ್ರೊಜೆಸ್ಟರಾನ್ ಮೇಲೆ ಕೂರಿಸಿದರೆ ಅದು ಮುಂದೆ ಆಲ್ಡೋಸ್ಟಿರಾನ್ ಆಗುತ್ತದೆ, 17-ಓಎಚ್‌ಪಿ ಮೇಲೆ ಕೂರಿಸಿದರೆ ಕಾರ್ಟಿಸಾಲ್. ಗಂಡು ಹಾರ್ಮೋನ್ ತಯಾರಾಗಲು ಈ ಕಿಣ್ವ ಬೇಕಾಗಿಯೇ ಇಲ್ಲ.

ಇದನ್ನು ಸರಿಯಾಗಿ ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ. ಕಾರ್ಟಿಸಾಲ್ ಸಾಲದು ಅಂತ ಗೊತ್ತಾದ ತಕ್ಷಣ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನುವ ಹಾರ್ಮೋನ್ ಕಳಿಸುತ್ತದೆ, ಇನ್ನೂ ಮಾಡು, ಇನ್ನೂ ಮಾಡು ಅಂತ. ಅಡ್ರಿನಲ್ ದಪ್ಪಗಾಗುತ್ತದೆ, ಕಚ್ಚಾಮಾಲು ಜಾಸ್ತಿ ಜಾಸ್ತಿ ತಯಾರಿಸುತ್ತದೆ, ಆದರೆ 21ನೇ ಕಾರ್ಬನ್ ಹತ್ತಿರ ಬಂದು ಎಲ್ಲ ನಿಂತುಹೋಗುತ್ತದೆ, ಕಟ್ಟೆ ಹಾಕಿದ ಹೊಳೆಯ ಹಾಗೆ. ನಿಂತ ನೀರು ಪಕ್ಕದ ಕಾಲುವೆಗೆ ನುಗ್ಗಲೇಬೇಕಲ್ವಾ? ಇಲ್ಲಿ ಆ ಪಕ್ಕದ ಕಾಲುವೆ ಗಂಡು ಹಾರ್ಮೋನಿನದು. ಎಸಿಟಿಎಚ್ ಜಾಸ್ತಿಯಾದಾಗ ಚರ್ಮದ ಬಣ್ಣದ ಕೋಶಗಳೂ ಕೆರಳುತ್ತವೆ, ಮಗುವಿನ ವೃಷಣ ಚೀಲ ಕಪ್ಪಗಿದ್ದದ್ದು ಅದಕ್ಕೇ. ಇನ್ನೊಂದು ಕೆಟ್ಟ ವಿಷಯ ಏನೆಂದರೆ, ರಾಶಿಬಿದ್ದ ಪ್ರೊಜೆಸ್ಟರಾನ್ ಮತ್ತು 17-ಓಎಚ್‌ಪಿ ಮೂತ್ರಪಿಂಡದಲ್ಲಿ ಆಲ್ಡೋಸ್ಟಿರಾನ್ ಕೂರಬೇಕಾದ ಜಾಗವನ್ನೇ ಅಡ್ಡಗಟ್ಟುತ್ತವೆ. ಇರುವ ಚೂರುಪಾರು ಆಲ್ಡೋಸ್ಟಿರಾನ್ ಕೂಡ ಕೆಲಸಕ್ಕೆ ಬರುವುದಿಲ್ಲ.

ಹೊಟ್ಟೆಯಲ್ಲಿದ್ದಾಗ ಉಪ್ಪಿನ ಲೆಕ್ಕ ನೋಡಿಕೊಳ್ಳುವುದು ತಾಯಿಯ ಮೂತ್ರಪಿಂಡ, ಮಾಸು ಮೂಲಕ. ಹಾಗಾಗಿ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಹುಟ್ಟಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಉಪ್ಪು ಮೂತ್ರದಲ್ಲಿ ಸೋರಿ, ಎರಡನೇ ವಾರದ ಹೊತ್ತಿಗೆ ಬುಡ ಕಾಣುತ್ತದೆ. ಎಲ್ಲರೂ ಆರೋಗ್ಯವಾಗಿದೆ ಅಂತ ಮನೆಗೆ ಕಳಿಸಿದ ಮಗು ಹತ್ತು ದಿನ ಬಿಟ್ಟು ಹೀಗೆ ವಾಪಸ್ ಬರುತ್ತದೆ.

ಇದೇ ಕಾಯಿಲೆ ಹೆಣ್ಣುಮಗುವಿಗೆ ಇದ್ದಿದ್ದರೆ ಹೆರಿಗೆ ಕೋಣೆಯಲ್ಲೇ ಅನುಮಾನ ಬರುತ್ತಿತ್ತು. ಗರ್ಭದಲ್ಲೇ ಗಂಡು ಹಾರ್ಮೋನ್ ಜಾಸ್ತಿಯಾಗಿ ಹೊರಗಿನ ಜನನಾಂಗ ಗಂಡಿನ ಥರ ಬೆಳೆದಿರುತ್ತದೆ, ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿಯೇ ಇರುತ್ತವೆ. ಗಂಡುಮಗುವಿಗೆ ಅವನ ವೃಷಣಗಳೇ ಬೇಕಾದಷ್ಟು ಗಂಡು ಹಾರ್ಮೋನ್ ಕೊಟ್ಟಿರುತ್ತವೆ, ಅಡ್ರಿನಲ್‌ನಿಂದ ಇನ್ನಷ್ಟು ಸೇರಿದರೂ ಕಣ್ಣಿಗೆ ಬೀಳುವಂಥದ್ದು ಏನೂ ಆಗುವುದಿಲ್ಲ. ಇದು ನನಗೆ ತುಂಬಾ ನೋವಾಗುವ ವಿಷಯ. ಕಾಯಿಲೆ ಇಬ್ಬರಲ್ಲೂ ಅಷ್ಟೇ ಗಂಭೀರ, ಆದರೆ ಗಂಡುಮಕ್ಕಳು ಕೈತಪ್ಪಿಹೋಗುವುದು ಹೊರಗೆ ಏನೂ ಕಾಣದೇ ಇರುವುದರಿಂದ. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು 17-ಓಎಚ್‌ಪಿ ನೋಡುವ ನವಜಾತ ಶಿಶು ತಪಾಸಣೆ ಇರುವ ಕಡೆ ಇಂಥ ಮಕ್ಕಳು ವಾಂತಿ ಶುರುವಾಗುವ ಮುಂಚೆಯೇ ಸಿಗುತ್ತಾರೆ. ಈ ಮಗು ಹುಟ್ಟಿದ ಕಡೆ ಆ ತಪಾಸಣೆ ಇರಲಿಲ್ಲ.

ಇನ್ನೊಂದು ಪ್ರಶ್ನೆ ಕಲಿಯುವವರು ಯಾವಾಗಲೂ ಕೇಳುತ್ತಾರೆ: ಇದೇ ಕಿಣ್ವ ಅಂತ ಅಷ್ಟು ಬೇಗ ಹೇಗೆ ಹೇಳಿದಿರಿ, ದಾರಿಯಲ್ಲಿ ಬೇರೆ ಕಿಣ್ವಗಳೂ ಇವೆಯಲ್ಲ? ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ಕಟ್ಟೆಯ ಹಿಂದೆ ಏನು ನಿಂತಿದೆ ಅನ್ನುವುದರಲ್ಲಿ. 21ರ ನಂತರದ ಮೆಟ್ಟಿಲಾದ 11-ಬೀಟಾ-ಹೈಡ್ರಾಕ್ಸಿಲೇಸ್ ಕೆಟ್ಟಿದ್ದರೆ ಡಿಆಕ್ಸಿಕಾರ್ಟಿಕೋಸ್ಟಿರಾನ್ ರಾಶಿಯಾಗುತ್ತದೆ, ಅದಕ್ಕೆ ಉಪ್ಪು ಹಿಡಿಯುವ ಗುಣ ಇರುವುದರಿಂದ ಸಾಮಾನ್ಯವಾಗಿ ರಕ್ತದೊತ್ತಡ ಏರುತ್ತದೆ. 17-ಆಲ್ಫಾ-ಹೈಡ್ರಾಕ್ಸಿಲೇಸ್ ಕೆಟ್ಟಿದ್ದರೂ ರಕ್ತದೊತ್ತಡ ಜಾಸ್ತಿ, ಪೊಟ್ಯಾಸಿಯಂ ಕಮ್ಮಿ. ಆದರೆ ಅಲ್ಲಿ ಗಂಡು, ಹೆಣ್ಣು ಯಾವ ಹಾರ್ಮೋನೂ ಆಗುವುದಿಲ್ಲ, ಎಷ್ಟೋ ಸಲ ಹದಿನಾರು ಹದಿನೇಳು ವರ್ಷವಾದರೂ ಪ್ರಾಯಕ್ಕೆ ಬರಲಿಲ್ಲ ಅಂತ ತೋರಿಸಲು ಬಂದಾಗಲೇ ಅದು ಪತ್ತೆಯಾಗುವುದು. ಕೊಲೆಸ್ಟರಾಲ್ ಒಳಗೆ ಸಾಗಿಸುವ ಸ್ಟಾರ್ ಪ್ರೋಟೀನ್ ಕೆಟ್ಟರೆ ಉಪ್ಪೇನೋ ಸೋರುತ್ತದೆ, ಆದರೆ 17-ಓಎಚ್‌ಪಿ ಏರುವುದಿಲ್ಲ, ಯಾಕೆಂದರೆ ದಾರಿ ಶುರುವಾಗುವ ಕಡೆಯೇ ಬಂದ್ ಆಗಿರುತ್ತದೆ. ಆಲ್ಡೋಸ್ಟಿರಾನ್ ಮಾಡುವ ಕೊನೆಯ ಕಿಣ್ವ ಒಂದೇ ಕೆಟ್ಟರೆ ಉಪ್ಪು ಸೋರುತ್ತದೆ, ಕಾರ್ಟಿಸಾಲ್ ಚೆನ್ನಾಗಿರುತ್ತದೆ. ಉಪ್ಪು ಸೋರಿಕೆ ಜೊತೆಗೆ 24,000 ಮಟ್ಟದ 17-ಓಎಚ್‌ಪಿ ಅಂದರೆ ಬೆರಳು ತೋರಿಸುವುದು 21ರ ಕಡೆಗೇ.

ಜೀನ್ ಪರೀಕ್ಷೆಯ ಗೊಂದಲ

ಈ ಕಿಣ್ವದ ಜೀನ್ ಸಿವೈಪಿ21ಎ2, 6ನೇ ಕ್ರೋಮೋಸೋಮ್ ಮೇಲಿದೆ. ಅಲ್ಲೇ ಸುಮಾರು 30 ಸಾವಿರ ಡಿಎನ್‌ಎ ಅಕ್ಷರ ದೂರದಲ್ಲಿ ಅದರ ಅವಳಿಯಂಥ ಇನ್ನೊಂದು ಜೀನ್ ಇದೆ, ಸಿವೈಪಿ21ಎ1ಪಿ. ಅಕ್ಷರಗಳು ನೂರಕ್ಕೆ 98 ಪಾಲು ಹೋಲುತ್ತವೆ, ಆದರೆ ಆ ಅವಳಿ ಸತ್ತ ಜೀನ್, ಅದರಿಂದ ಕೆಲಸ ಮಾಡುವ ಕಿಣ್ವ ಬರುವುದಿಲ್ಲ. ವೀರ್ಯ, ಅಂಡಾಣು ತಯಾರಾಗುವಾಗ ಕ್ರೋಮೋಸೋಮ್ ಜೋಡಿಗಳು ಒಂದರ ಪಕ್ಕ ಒಂದು ನಿಂತು ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆ, ಆಗ ಒಳ್ಳೆಯ ಜೀನು ತಪ್ಪಿ ಈ ಸತ್ತ ಅವಳಿಯ ಎದುರು ನಿಂತುಬಿಟ್ಟರೆ ಎಡವಟ್ಟಾಗುತ್ತದೆ. ಕೆಲವೊಮ್ಮೆ ನಡುವಿನ 30 ಸಾವಿರ ಅಕ್ಷರ ಪೂರ್ತಿ ಹಾರಿಹೋಗುತ್ತದೆ. ಇನ್ನು ಕೆಲವೊಮ್ಮೆ ಸತ್ತ ಜೀನಿನ ತಪ್ಪು ಅಕ್ಷರಗಳು ಒಳ್ಳೆಯ ಜೀನಿಗೆ ನಕಲಾಗುತ್ತವೆ. ಈ ಕಾಯಿಲೆಯ ಮ್ಯುಟೇಶನ್‌ಗಳಲ್ಲಿ ಬಹುಪಾಲು ಹೀಗೆ ಪಕ್ಕದ ಮನೆಯಿಂದ ಬಂದವೇ. ಅದರಿಂದಲೇ ಈ ಜೀನ್ ಓದುವುದು ಕಷ್ಟ. ಯಾವ ಅಕ್ಷರ ಯಾವ ಜೀನಿನದು ಅಂತ ಬೇರ್ಪಡಿಸಿ ಓದಲು ಗೊತ್ತಿರುವ ಪ್ರಯೋಗಾಲಯವೇ ಬೇಕು.

ಮಗುವಿನ ಮೊದಲ ರಿಪೋರ್ಟ್ ಹೀಗಿತ್ತು: ಎರಡನೇ ಇಂಟ್ರಾನ್‌ನ ಮ್ಯುಟೇಶನ್, ಎರಡೂ ಪ್ರತಿಯಲ್ಲಿ. ಈ ಮ್ಯುಟೇಶನ್ ಬಹಳ ಸಾಮಾನ್ಯ. ಮೂರನೇ ಎಕ್ಸಾನ್, ಅಂದರೆ ಉಳಿಸಿಕೊಂಡು ಓದುವ ಭಾಗ, ಶುರುವಾಗಲು 13 ಅಕ್ಷರ ಮುಂಚೆ ಎ ಅಥವಾ ಸಿ ಇರಬೇಕಾದ ಜಾಗದಲ್ಲಿ ಜಿ ಬಂದಿರುತ್ತದೆ. ನೋಡಲು ಇಂಟ್ರಾನ್, ಅಂದರೆ ಕತ್ತರಿಸಿ ಬಿಸಾಡುವ ಭಾಗ. ಅಲ್ಲಿ ಒಂದಕ್ಷರ ಬದಲಾದರೆ ಏನು ಮಹಾ ಅನ್ನಿಸಬಹುದು. ಆದರೆ ಆ ಒಂದಕ್ಷರದಿಂದ ಕತ್ತರಿ ಬೀಳುವ ಜಾಗವೇ ಬದಲಾಗುತ್ತದೆ. ಬಿಸಾಡಬೇಕಿದ್ದ 19 ಅಕ್ಷರ ಒಳಗೇ ಉಳಿಯುತ್ತವೆ. ಮೂರು ಮೂರು ಅಕ್ಷರವಾಗಿ ಓದುವ ಸಾಲಿನಲ್ಲಿ 19 ಸೇರಿದರೆ ಅಲ್ಲಿಂದ ಮುಂದೆ ಓದಿದ್ದೆಲ್ಲ ತಪ್ಪು. ಅಲ್ಲೊಂದು ಇಲ್ಲೊಂದು ಸಲ ಕತ್ತರಿ ಸರಿಯಾದ ಜಾಗದಲ್ಲೂ ಬೀಳಬಹುದು, ಆದರೆ ಅದರಿಂದ ಸಿಗುವ ಕಿಣ್ವ ಚೂರೇ ಚೂರು.

ಎರಡೂ ಪ್ರತಿಯಲ್ಲಿ ಇದೆ ಅಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರಬೇಕು. ಇಬ್ಬರದ್ದೂ ಪರೀಕ್ಷೆ ಮಾಡಿದರು. ಅಪ್ಪನಲ್ಲಿ ಒಂದು ಪ್ರತಿಯಲ್ಲಿ ಅದೇ ಮ್ಯುಟೇಶನ್, ಇನ್ನೊಂದು ಸರಿಯಾಗಿತ್ತು. ಅಮ್ಮನಲ್ಲಿ ಅದು ಇರಲೇ ಇಲ್ಲ. ಅಮ್ಮನ ರಿಪೋರ್ಟ್‌ನಲ್ಲಿ ಇದ್ದದ್ದು ಬೇರೆಯದೇ, ವಿ281ಎಲ್ ಅನ್ನುವ ಮ್ಯುಟೇಶನ್, ಅದೂ ಎರಡೂ ಪ್ರತಿಯಲ್ಲಿ. ಮಗನಲ್ಲಿ ಅದರ ಸುಳಿವೂ ಇಲ್ಲ.

ಕಾಗದದ ಮೇಲೆ ಓದಿದರೆ ಇದರ ಅರ್ಥ ಒಂದೇ, ಈ ಹೆಂಗಸು ಈ ಮಗುವಿನ ತಾಯಿ ಅಲ್ಲ. ಸ್ಯಾಂಪಲ್ ಅದಲುಬದಲಾಗಿದೆ ಅಂದುಕೊಂಡು ಮತ್ತೆ ರಕ್ತ ತೆಗೆದರು. ಮತ್ತೆ ಅದೇ ಉತ್ತರ. ಐಸಿಯುನಿಂದ ಮಗುವನ್ನು ಈಗಷ್ಟೇ ಮನೆಗೆ ಕರೆದುಕೊಂಡು ಹೋದ ತಾಯಿಗೆ ಈ ರಿಪೋರ್ಟ್ ಕೈಗೆ ಕೊಟ್ಟು ಸುಮ್ನೆ ಕಳಿಸಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ. ಪುಣ್ಯಕ್ಕೆ, ನೋಡಿದ ವೈದ್ಯರಿಗೆ ಈ ಜೀನಿನ ಗುಣ ಗೊತ್ತಿತ್ತು. ಅವರು ಎಮ್‌ಎಲ್‌ಪಿಎ ಅನ್ನುವ ಪರೀಕ್ಷೆ ಕೇಳಿದರು. ಅದು ಅಕ್ಷರ ಓದುವುದಿಲ್ಲ, ಜೀನಿನ ಎಷ್ಟು ಪ್ರತಿ ಇದೆ ಅಂತ ಎಣಿಸುತ್ತದೆ.

ಎಣಿಸಿದಾಗ ಗಂಟು ಬಿಚ್ಚಿತು. ಅಮ್ಮನಲ್ಲಿ ಇದ್ದದ್ದು ಒಂದೇ ಪ್ರತಿ. ಇನ್ನೊಂದು ಕ್ರೋಮೋಸೋಮ್‌ನಲ್ಲಿ ಆ 30 ಸಾವಿರ ಅಕ್ಷರವೇ ಹಾರಿಹೋಗಿತ್ತು. ಓದುವ ಯಂತ್ರಕ್ಕೆ ಸಿಕ್ಕಿದ್ದೆಲ್ಲ ಒಂದೇ ಪ್ರತಿಯ ಅಕ್ಷರ, ಎದುರಿಗೆ ಬೇರೆ ಏನೂ ಕಾಣಲಿಲ್ಲ, ಹಾಗಾಗಿ ಎರಡರಲ್ಲೂ ಒಂದೇ ಇದೆ ಅಂತ ಬರೆಯಿತು. ಮಗನಿಗೆ ಅಮ್ಮನಿಂದ ಬಂದದ್ದು ಆ ಖಾಲಿ ಜಾಗ. ಅವನಲ್ಲೂ ಇರುವುದು ಒಂದೇ ಪ್ರತಿ, ಅಪ್ಪ ಕೊಟ್ಟದ್ದು. ಯಂತ್ರ ಸುಳ್ಳು ಹೇಳಲಿಲ್ಲ, ಇಲ್ಲದ್ದನ್ನು ಓದಲು ಅದಕ್ಕೆ ಬರುವುದಿಲ್ಲ ಅಷ್ಟೇ. ಈ ಜೀನಿನ ವಿಷಯದಲ್ಲಿ ಅಪ್ಪ ಅಮ್ಮನ ಪರೀಕ್ಷೆ ಮಾಡದೇ, ಪ್ರತಿ ಎಣಿಸದೇ ಕೊಟ್ಟ ರಿಪೋರ್ಟನ್ನು ಅರ್ಧ ರಿಪೋರ್ಟ್ ಅಂತಲೇ ನಾನು ಓದುತ್ತೇನೆ.

ಅಮ್ಮ ಮತ್ತು ಅಕ್ಕ

ಈಗ ಇನ್ನೊಂದು ವಿಷಯಕ್ಕೆ ಬರಬೇಕು. ಅಮ್ಮನ ಎರಡೂ ಪ್ರತಿ ಕೆಟ್ಟಿವೆ, ಒಂದು ಇಲ್ಲವೇ ಇಲ್ಲ, ಇನ್ನೊಂದರಲ್ಲಿ ವಿ281ಎಲ್. ಹಾಗಾದರೆ ಅವರಿಗೂ ಕಾಯಿಲೆ ಇರಬೇಕಲ್ವಾ? ಅಲ್ಲಿಯ ತನಕ ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ನಿಧಾನಕ್ಕೆ ಹೇಳಿದರು. 31 ವರ್ಷ. ಹದಿಹರೆಯದಿಂದಲೂ ಮುಟ್ಟು ಸರಿಯಾಗಿ ಬಂದಿಲ್ಲ, ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಗಲ್ಲದ ಮೇಲೆ ಕೂದಲು, ಹೋಗದ ಮೊಡವೆ. 19ನೇ ವಯಸ್ಸಿನಲ್ಲಿ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಅಂತ ಹೇಳಿದ್ದರು, ಅದೇ ಹೆಸರು ಹನ್ನೆರಡು ವರ್ಷ ಉಳಿದುಕೊಂಡಿತು. ಮೊದಲನೇ ಮಗುವಿಗೆ ಬಸಿರಾಗಲು ಎರಡು ವರ್ಷ ಕಾದಿದ್ದರು.

ವಿ281ಎಲ್ ಅಂದರೆ 281ನೇ ಜಾಗದಲ್ಲಿ ವ್ಯಾಲೀನ್ ಅನ್ನುವ ಅಮೈನೋ ಆಮ್ಲದ ಬದಲು ಲ್ಯೂಸೀನ್ ಬಂದಿದೆ. ಹೊಸ ಎಣಿಕೆಯಲ್ಲಿ ಇದನ್ನೇ 282 ಅಂತಲೂ ಬರೆಯುತ್ತಾರೆ, ರಿಪೋರ್ಟ್ ಓದುವಾಗ ಗಲಿಬಿಲಿ ಆಗುವುದು ಬೇಡ. ಎರಡೂ ಎಣ್ಣೆಯಂಥ ಗುಣದ, ಹತ್ತಿರದ ಆಕಾರದ ಅಮೈನೋ ಆಮ್ಲಗಳು. ಕಿಣ್ವ ಮಡಚಿಕೊಳ್ಳುತ್ತದೆ, ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ನೂರಕ್ಕೆ 20ರಿಂದ 50ರಷ್ಟು ಮಾತ್ರ. ದಿನನಿತ್ಯದ ಕಾರ್ಟಿಸಾಲ್‌ಗೆ ಅಷ್ಟು ಸಾಕು. ಪಿಟ್ಯುಟರಿ ಸ್ವಲ್ಪ ಜಾಸ್ತಿ ಒತ್ತಬೇಕಾಗುತ್ತದೆ, ಆ ಒತ್ತಡದಲ್ಲಿ ಸ್ವಲ್ಪ ಗಂಡು ಹಾರ್ಮೋನ್ ಪಕ್ಕಕ್ಕೆ ಚೆಲ್ಲುತ್ತದೆ. ಮೊಡವೆ, ಕೂದಲು, ತಪ್ಪಿದ ಮುಟ್ಟು ಎಲ್ಲ ಆ ಚೆಲ್ಲಿದ್ದರಿಂದ. ಇದಕ್ಕೆ ನಾನ್‌ಕ್ಲಾಸಿಕ್ ಸಿಎಎಚ್ ಅನ್ನುತ್ತಾರೆ. ಪಿಸಿಓಎಸ್ ಜೊತೆ ಇದರ ಲಕ್ಷಣ ಎಷ್ಟು ಬೆರೆತುಹೋಗುತ್ತದೆ ಅಂದರೆ, ಬರೀ ಮಾತು ಕೇಳಿ, ಮೈ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಮುಟ್ಟಾದ ಮೊದಲ ದಿನಗಳಲ್ಲಿ, ಬೆಳಿಗ್ಗೆ ಬೇಗ ಒಂದು 17-ಓಎಚ್‌ಪಿ ನೋಡಬೇಕು. ತಿಂಗಳ ಎರಡನೇ ಅರ್ಧದಲ್ಲಿ ನೋಡಿದರೆ ಅಂಡಾಶಯದಿಂದ ಬರುವುದೂ ಸೇರಿ ಅಂಕಿ ದಾರಿ ತಪ್ಪಿಸುತ್ತದೆ. 200 ದಾಟಿದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು, ಆಗ 1,000 ದಾಟಿದರೆ ಉತ್ತರ ಸಿಕ್ಕಿತು. ಹೆರಿಗೆಯ ನಂತರ ಮುಟ್ಟು ಮತ್ತೆ ಶುರುವಾದ ಮೇಲೆ ಈ ತಾಯಿಗೆ ನೋಡಿದಾಗ ಮೊದಲು 610, ಇಂಜೆಕ್ಷನ್ ನಂತರ 3,400.

ಆಗ ಅಪ್ಪ ಒಂದು ಮಾತು ಕೇಳಿದರು: "ಹಾಗಾದರೆ ಮಗಳಿಗೂ ನೋಡಬೇಕಾ?" ಆರು ವರ್ಷದ ಮಗಳಿಗೆ ಕೆಳಗೆ ಕೂದಲು ಬರುತ್ತಿತ್ತು, ದೊಡ್ಡವರ ಥರ ಬೆವರಿನ ವಾಸನೆ ಇತ್ತು, ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಎತ್ತರ ಇದ್ದಾಳೆ ಅಂತ ಮನೆಯವರು ಖುಷಿಪಟ್ಟಿದ್ದರು, ಮಿಕ್ಕಿದ್ದನ್ನು ಮುಜುಗರದಿಂದ ಯಾರಿಗೂ ಹೇಳಿರಲಿಲ್ಲ. ಕೈಯ ಎಕ್ಸ್‌ರೇ ತೆಗೆದಾಗ ಮೂಳೆಯ ವಯಸ್ಸು ಎಂಟೂವರೆ. 17-ಓಎಚ್‌ಪಿ 380, ಇಂಜೆಕ್ಷನ್ ನಂತರ 2,900. ಜೀನ್‌ನಲ್ಲಿ ಅಪ್ಪನ ಇಂಟ್ರಾನ್ ಮ್ಯುಟೇಶನ್, ಅಮ್ಮನ ವಿ281ಎಲ್.

ಈ ಮನೆಯನ್ನು ಈಗ ಒಟ್ಟಿಗೆ ನೋಡಿ. ಅಪ್ಪ: ಒಂದು ಪೂರ್ತಿ ಸರಿ, ಒಂದು ಕೆಟ್ಟದ್ದು, ಕಿಣ್ವ ಹೆಚ್ಚುಕಡಿಮೆ ಅರ್ಧ, ಅವರಿಗೆ ಯಾವ ತೊಂದರೆಯೂ ಇಲ್ಲ. ಅಮ್ಮ ಮತ್ತು ಮಗಳು: ಒಂದು ಪ್ರತಿ ಲೆಕ್ಕಕ್ಕಿಲ್ಲ, ಇನ್ನೊಂದು ನಿಧಾನದ್ದು. ಮಗ: ಎರಡೂ ಲೆಕ್ಕಕ್ಕಿಲ್ಲ. ಯಾರ ಕಾಯಿಲೆ ಎಷ್ಟು ಜೋರು ಅಂತ ತೀರ್ಮಾನ ಮಾಡುವುದು ಎರಡರಲ್ಲಿ ಕಮ್ಮಿ ಕೆಟ್ಟಿರುವ ಪ್ರತಿ. ಮಗಳಲ್ಲೂ ತಮ್ಮನಲ್ಲೂ ಅಪ್ಪನಿಂದ ಬಂದದ್ದು ಒಂದೇ. ಅವಳಿಗೆ ಅಮ್ಮನಿಂದ ನಿಧಾನದ ಪ್ರತಿ ಬಂತು, ಅವನಿಗೆ ಖಾಲಿ ಜಾಗ ಬಂತು. ಅವಳು ಎತ್ತರವಾಗಿ ಶಾಲೆಗೆ ಹೋದಳು, ಅವನು ಹದಿಮೂರನೇ ದಿನಕ್ಕೆ ಐಸಿಯುಗೆ ಬಂದ.

ಇವೆರಡರ ನಡುವೆ ಇನ್ನೊಂದು ಹಂತ ಇದೆ, ಈ ಮನೆಯಲ್ಲಿ ಇಲ್ಲದಿದ್ದರೂ ಹೇಳಲೇಬೇಕು. ಐ172ಎನ್ ಅನ್ನುವ ಮ್ಯುಟೇಶನ್‌ನಲ್ಲಿ ಕಿಣ್ವ ಉಳಿಯುವುದು ನೂರಕ್ಕೆ 1 ಅಥವಾ 2 ಪಾಲು. ಅಷ್ಟಿದ್ದರೂ ಸಾಮಾನ್ಯವಾಗಿ ಉಪ್ಪು ಸೋರಿ ಮಗು ಕುಸಿಯುವುದಿಲ್ಲ. ಯಾಕೆ ಅಂದರೆ, ದೊಡ್ಡವರ ಮೈ ದಿನಕ್ಕೆ ಹತ್ತು ಮಿಲಿಗ್ರಾಂ ಆಸುಪಾಸು ಕಾರ್ಟಿಸಾಲ್ ಮಾಡುತ್ತದೆ, ಆಲ್ಡೋಸ್ಟಿರಾನ್ ಬೇಕಾಗುವುದು ಅದರ ನೂರನೇ ಒಂದು ಪಾಲು ಅಷ್ಟೇ. ಅಷ್ಟನ್ನು ಮಾಡಲು ಆ 1 ಪಾಲು ಕಿಣ್ವ ಸಾಕು, ಕಾರ್ಟಿಸಾಲ್‌ಗೆ ಸಾಲದು. ಸೊನ್ನೆಗೂ ಒಂದಕ್ಕೂ ನಡುವೆ ಇರುವುದು ಒಂದು ಮಗುವಿನ ಜೀವ. ಮ್ಯುಟೇಶನ್ ಇದೆಯೋ ಇಲ್ಲವೋ ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ, ಎಷ್ಟು ಕಿಣ್ವ ಉಳಿದಿದೆ ಅಂತ ಕೇಳಬೇಕು.

ಈ ಕಾಯಿಲೆ ಹೊಸದೇನಲ್ಲ. 1865ರಲ್ಲಿ ನೇಪಲ್ಸ್‌ನಲ್ಲಿ ಲುಯಿಜಿ ಡಿ ಕ್ರೆಕ್ಕಿಯೋ ಅನ್ನುವ ಅಂಗರಚನಾ ಶಾಸ್ತ್ರಜ್ಞ, ಗಂಡಸಾಗಿ ಬದುಕಿ ಸತ್ತ ಒಬ್ಬ ವ್ಯಕ್ತಿಯ ಶವ ಪರೀಕ್ಷೆ ಮಾಡಿದಾಗ ಒಳಗೆ ಗರ್ಭಕೋಶ, ಅಂಡಾಶಯ ಮತ್ತು ತುಂಬಾ ದೊಡ್ಡದಾದ ಅಡ್ರಿನಲ್ ಗ್ರಂಥಿಗಳನ್ನು ಕಂಡು ಬರೆದಿಟ್ಟಿದ್ದಾರೆ. ಚಿಕಿತ್ಸೆ ಸಿಕ್ಕಿದ್ದು 1950ರಲ್ಲಿ, ಲಾಸನ್ ವಿಲ್ಕಿನ್ಸ್ ಮುಂತಾದವರು ಕಾರ್ಟಿಸೋನ್ ಕೊಟ್ಟು ಎಸಿಟಿಎಚ್‌ನ ಒತ್ತಡ ಇಳಿಸಬಹುದು ಅಂತ ತೋರಿಸಿದಾಗ. ಅದಕ್ಕೆ ಮುಂಚೆ ಈ ಮಗನಂಥ ಮಕ್ಕಳು ಬದುಕಿ ಉಳಿಯುವುದೇ ಕಷ್ಟವಿತ್ತು.

ಚಿಕಿತ್ಸೆ, ಮತ್ತು ಮುಂದಿನ ಮಗುವಿನ ಪ್ರಶ್ನೆ

ಮಗನಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ ಮೂರು ಸಲ, ಒಂದೊಂದು ಸಲ 1 ಮಿಲಿಗ್ರಾಂ. ಆಲ್ಡೋಸ್ಟಿರಾನ್ ಬದಲು ಉಪ್ಪು ಹಿಡಿದಿಡುವ ಫ್ಲುಡ್ರೋಕಾರ್ಟಿಸೋನ್ 0.1 ಮಿಲಿಗ್ರಾಂ. ಜೊತೆಗೆ ದಿನಕ್ಕೆ 1 ಗ್ರಾಂ ಉಪ್ಪು, ಹಾಲಿನ ಜೊತೆ ಹಂಚಿ ಹಂಚಿ. ಎದೆಹಾಲಿನಲ್ಲಿ ಉಪ್ಪು ತೀರಾ ಕಮ್ಮಿ, ಆದ್ದರಿಂದ ಮೊದಲ ವರ್ಷ ಉಪ್ಪು ಬೇಕೇ ಬೇಕು. ಡೋಸ್ ವಿಷಯದಲ್ಲಿ ಎರಡು ಕಡೆಯಿಂದಲೂ ಎಳೆತ ಇದೆ. ಕಮ್ಮಿ ಕೊಟ್ಟರೆ ಗಂಡು ಹಾರ್ಮೋನ್ ಏರಿ ಮೂಳೆ ಬೇಗ ಬಲಿಯುತ್ತದೆ, ಮಗು ಮೊದಲು ಎತ್ತರ ಕಂಡು ಆಮೇಲೆ ಕುಳ್ಳಾಗಿ ಉಳಿಯುತ್ತದೆ. ಜಾಸ್ತಿ ಕೊಟ್ಟರೆ ಸ್ಟೀರಾಯ್ಡೇ ಬೆಳವಣಿಗೆ ನಿಲ್ಲಿಸುತ್ತದೆ. 17-ಓಎಚ್‌ಪಿಯನ್ನು ಪೂರ್ತಿ ಸಹಜ ಮಟ್ಟಕ್ಕೆ ತರಲು ಹೊರಟರೆ ಡೋಸ್ ಜಾಸ್ತಿಯಾಗಿರುತ್ತದೆ, ಸ್ವಲ್ಪ ಏರಿದ್ದರೇ ಸರಿ. ಇದನ್ನು ಅಪ್ಪ ಅಮ್ಮಂದಿರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ರಿಪೋರ್ಟ್‌ನಲ್ಲಿ ಕೆಂಪು ಅಕ್ಷರ ನೋಡಿ ಅವರು ಹೆದರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಕ್ರಿನೆಸರ್‌ಫಾಂಟ್ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ಎಸಿಟಿಎಚ್ ಹೊರಡುವ ಕಡೆಯೇ ಒತ್ತಡ ಇಳಿಸುತ್ತದೆ, ಅದರಿಂದ ಸ್ಟೀರಾಯ್ಡ್ ಡೋಸ್ ಕಮ್ಮಿ ಮಾಡಬಹುದು. ಆದರೆ ಅದು ನಾಲ್ಕು ವರ್ಷ ಮೇಲ್ಪಟ್ಟವರಿಗೆ, ಅದೂ ಸ್ಟೀರಾಯ್ಡ್ ಜೊತೆಗೆ.

ಮಗಳಿಗೆ ಮೂಳೆ ಓಡುತ್ತಿದ್ದದ್ದರಿಂದ ಕಮ್ಮಿ ಡೋಸ್ ಹೈಡ್ರೋಕಾರ್ಟಿಸೋನ್ ಶುರು ಮಾಡಿದರು, ಬೆಳವಣಿಗೆ ಮುಗಿದ ಮೇಲೆ ನಿಲ್ಲಿಸುವ ಯೋಚನೆ. ಅಮ್ಮನಿಗೆ ಸ್ಟೀರಾಯ್ಡ್ ಬೇಕಾಗಲಿಲ್ಲ, ಅವರೂ ಬೇಡ ಅಂದರು. ಹನ್ನೆರಡು ವರ್ಷ ಅನುಭವಿಸಿದ್ದಕ್ಕೆ ಸರಿಯಾದ ಹೆಸರು ಸಿಕ್ಕಿದ್ದೇ ಅವರಿಗೆ ದೊಡ್ಡ ಸಮಾಧಾನ ಆಗಿತ್ತು.

ಮೂರನೇ ಮಗುವಿನ ಬಗ್ಗೆ ಕೇಳಿದಾಗ ಲೆಕ್ಕ ಹಾಕಿ ತೋರಿಸಿದರು. ಅಮ್ಮನಿಂದ ಒಂದಲ್ಲ ಒಂದು ಕೆಟ್ಟ ಪ್ರತಿ ಹೋಗಿಯೇ ಹೋಗುತ್ತದೆ. ಅಪ್ಪನಿಂದ ಕೆಟ್ಟದ್ದು ಹೋಗುವ ಸಾಧ್ಯತೆ ಅರ್ಧ. ಅಂದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಮಗನಂಥ ಕಾಯಿಲೆಗೆ, ನಾಲ್ಕರಲ್ಲಿ ಒಂದು ಮಗಳಂಥದ್ದಕ್ಕೆ, ಮಿಕ್ಕ ಅರ್ಧ ಬರೀ ವಾಹಕರು. "ಇದು ನನ್ನಿಂದ ಬಂತಾ?" ಅಂತ ಅಮ್ಮ ಕೇಳಿದರು. ಇಬ್ಬರಿಂದಲೂ ಬಂದದ್ದು, ಮತ್ತು ಇಬ್ಬರಲ್ಲಿ ಯಾರೂ ಆರಿಸಿಕೊಂಡದ್ದಲ್ಲ ಅಂದರು ವೈದ್ಯರು. ಕ್ಲಾಸಿಕ್ ಕಾಯಿಲೆ ಸುಮಾರು 15,000ಕ್ಕೆ ಒಬ್ಬರಲ್ಲಿ ಇದ್ದರೆ, ಅದರ ಒಂದು ಕೆಟ್ಟ ಪ್ರತಿ ಹೊತ್ತವರು ಸುಮಾರು 60ಕ್ಕೆ ಒಬ್ಬರು ಇರುತ್ತಾರೆ ಅಂತ ಲೆಕ್ಕ ಬರುತ್ತದೆ. ಅಪ್ಪನಿಗೆ ಒಬ್ಬ ತಂಗಿ ಇದ್ದಾಳೆ, ಅವಳೂ ಪರೀಕ್ಷೆ ಮಾಡಿಸಿಕೊಂಡಳು. ಅವಳಲ್ಲಿ ಇರಲಿಲ್ಲ.

ಮನೆಯವರಿಗೆ ಕಲಿಸಿದ ಮುಖ್ಯ ವಿಷಯ ಒಂದು. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡರಿಂದ ಮೂರು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ 25 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಹೊರಡುವುದು, ಫೋನ್ ಮಾಡಿ ಕೇಳುತ್ತಾ ಕೂರುವುದಲ್ಲ. ಇಬ್ಬರೂ ಇಂಜೆಕ್ಷನ್ ಕೊಡುವುದನ್ನು ನೀರು ತುಂಬಿದ ಸಿರಿಂಜಿನಲ್ಲಿ ಅಭ್ಯಾಸ ಮಾಡಿದರು. ಅಪ್ಪನ ಕೈ ಮೊದಲ ಸಲ ತುಂಬಾ ನಡುಗಿತ್ತು.

ಮಗನಿಗೆ ಹದಿನಾಲ್ಕು ತಿಂಗಳಾದಾಗ ಒಂದು ರಾತ್ರಿ ವಾಂತಿ ಭೇದಿ ಶುರುವಾಯಿತು. ಕೊಟ್ಟ ಮಾತ್ರೆ ಎರಡು ಸಲ ಹೊರಗೆ ಬಂತು. ಅಪ್ಪ ಇಂಜೆಕ್ಷನ್ ಕೊಟ್ಟರು, ಅಮ್ಮ ಬ್ಯಾಗ್ ತೆಗೆದುಕೊಂಡರು. ಆಸ್ಪತ್ರೆ ತಲುಪಿದಾಗ ಸೋಡಿಯಂ 134, ಪೊಟ್ಯಾಸಿಯಂ 5.2, ಸಕ್ಕರೆ 88. ಒಂದು ರಾತ್ರಿ ಡ್ರಿಪ್ ಹಾಕಿದರು, ಮಾರನೇ ದಿನ ಮಧ್ಯಾಹ್ನ ಮನೆಗೆ ಕಳಿಸಿದರು.